ನಾನು ಜೇನಿನ ಕೆಲಸಕ್ಕೆ ಸೇರಿದ್ದು

ಇವತ್ತು ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದಾಗ ಸಾಬೂನಿನ ಬಟ್ಟಲ ಅಂಚಿಗೆ ಒಂದು ಜೇನು ಬಂದು ಕೂತಿತು. ಕತ್ತಿ ಕೆಳಗಿಟ್ಟು, ಒಂದು ಕೆನ್ನೆಯಲ್ಲಿ ಗೃಹಸ್ಥ, ಇನ್ನೊಂದರಲ್ಲಿ ಸನ್ಯಾಸಿಯಾಗಿ, ಅದು ಹೊರಡುವವರೆಗೆ ಅಲ್ಲಾಡದೆ ನಿಂತೆ. ನನ್ನಂಥ ವಟವಟ ಪ್ರಾಣಿ ಹೀಗೆ ನಿಲ್ಲುವುದನ್ನು ಕಲಿತದ್ದೆಲ್ಲಿ ಎಂದು ನೀವು ಕೇಳಬೇಕು. ಕೇಳದಿದ್ದರೂ ಹೇಳುತ್ತೇನೆ.

ಆರೇಳು ವರ್ಷದ ಹಿಂದೆ, ಅಂದರೆ ಅರವತ್ತೈದರ ಸುಮಾರಿಗೆ, ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ನಾನು ಕಾಲೇಜಿಗೆ ಹೋಗುತ್ತಿದ್ದೆ. ಅಂದರೆ, ಹೋಗುತ್ತಿದ್ದೇನೆಂದು ಮನೆಯವರು ನಂಬಿದ್ದರು. ನಿಜವಾಗಿ ಕಲಿತದ್ದು ಅಣಕಿಸುವುದನ್ನು: ಬಸ್ಸಿನ ಕಂಡಕ್ಟರು, ಮದುವೆಯ ಪುರೋಹಿತರು, ಸೀನುವ ಮೊದಲು ಮುಖ ಸಿದ್ಧಮಾಡಿಕೊಳ್ಳುವ ನಮ್ಮಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು.

ಆ ವರ್ಷ ಹಿತ್ತಿಲ ಕಾಂಪೌಂಡ್ ಗೋಡೆಯ ಪೊಟರೆಯಲ್ಲಿ ತುಡುವೆ ಜೇನು ಸಂಸಾರ ಹೂಡಿತು. ಗೋಡೆಯ ಈಚೆ ಪದ್ದತ್ತೆಯ ಕುಂಬಳದ ಬಳ್ಳಿ. ಪದ್ದತ್ತೆ ಅಪ್ಪನ ಅಕ್ಕ. ನಮ್ಮಲ್ಲೇ ಇದ್ದರು, ಹಿಡಿದದ್ದನ್ನು ಬಿಟ್ಟವರಲ್ಲ. ಹಿಂದಿನ ವರ್ಷ ಬಳ್ಳಿಯ ಎಳೆಯ ಹೀಚುಗಳೆಲ್ಲ ಹಳದಿಯಾಗಿ ಉದುರಿದ್ದವು. ತಪ್ಪು ನಮ್ಮದೇ. ಗಂಡುಹೂವು ಕಾಯಿ ಕಚ್ಚುವುದಿಲ್ಲ, ಬರೀ ಪೊಳ್ಳು ಎಂದು ದಿನಾ ಕಿತ್ತು ಬಜ್ಜಿ ಮಾಡಿ ತಿಂದಿದ್ದೆವು. ಹೊರಲು ಪರಾಗದ ಹುಡಿಯೇ ಇಲ್ಲದ ಮೇಲೆ ಜೇನು ಏನು ಮಾಡೀತು? ಈ ಸಲ ಅತ್ತೆ ಸಾರಿಬಿಟ್ಟರು: “ಹೂವಿಗೆ ಕೈ ಹಾಕಿದ್ರೆ ಬಜ್ಜಿಗೆ ನಿಮ್ಮ ಬೆರಳೇ ಹೆಚ್ತೀನಿ.” ಜೇನು ಬೆದರದಿರಲೆಂದು ಶುಕ್ರವಾರದ ಸಾಂಬ್ರಾಣಿ ಹೊಗೆ ಹಿತ್ತಿಲು ಬಿಟ್ಟು ಮುಂಬಾಗಿಲಿಗೆ ಹೋಯಿತು. ಜೇನು ಮುಳುಗದೆ ನೀರು ಕುಡಿಯಲಿ ಎಂದು ಒಡೆದ ಹಂಚಿನಲ್ಲಿ ಕಲ್ಲಿಟ್ಟು ನೀರು ತುಂಬಿದರು.

ಪಕ್ಕದ ಮನೆಯ ಶಾಮಣ್ಣನವರು ರಿಟೈರಾದ ಹೆಡ್‌ಮೇಷ್ಟ್ರು. ಪೂಜೆಗೆಂದು ಗೋಡೆಯ ಮೇಲಿಂದ ಕೈ ಚಾಚಿ ನಮ್ಮ ದಾಸವಾಳ ಕೀಳುವುದು ಅವರ ನಿತ್ಯವ್ರತ. ಒಂದು ಬೆಳಿಗ್ಗೆ ಗೋಡೆಯ ಈಚೆ ಕುಕ್ಕರಗಾಲಲ್ಲಿ ಕೂತು ಗಂಟಲಲ್ಲಿ “ಝುಂಯ್” ಎಂದೆ. ಮೇಷ್ಟ್ರು ಓಡಿದರು, ಜಾರಿದರು, ಕಾಲು ಉಳುಕಿಸಿಕೊಂಡರು. ಸಂಜೆ ಕುಂಟುತ್ತಾ ಅಪ್ಪನ ಹತ್ತಿರ ಬಂದರು.

“ರಾಯರೇ, ನಿಮ್ಮ ಜೇನು ಅಟ್ಟಿಸ್ಕೊಂಡು ಬಂತು! ಒಂದಲ್ಲ, ನೂರು!”

ನೂರು ಎಂದದ್ದಕ್ಕೆ ನನಗೆ ಒಳಗೊಳಗೇ ಹೆಮ್ಮೆ. ಅಪ್ಪ, “ನಾಳೆ ಬೆಳಿಗ್ಗೆ ಬಿಳೇಕಹಳ್ಳಿ ಆಳನ್ನ ಕರೆಸಿ ಸುಡಿಸಿಬಿಡ್ತೀನಿ” ಎಂದಾಗ ಹೆಮ್ಮೆ ಇಳಿಯಿತು.

ಬೆಳಿಗ್ಗೆ ಆಳು ಪಂಜು ಹೊತ್ತಿಸಿಕೊಂಡು ಬಂದಾಗ ಅತ್ತೆ ಪೊಟರೆಗೆ ಬೆನ್ನು ಕೊಟ್ಟು ಕೂತಿದ್ದರು. ಮೇಷ್ಟ್ರು ನೋಡಲೆಂದು ಬಂದು ನಮ್ಮ ಹಿತ್ತಿಲ ಮೆಟ್ಟಿಲ ಬಳಿ ನಿಂತಿದ್ದರು.

“ಅಕ್ಕಾ, ಏಳು. ಮೇಷ್ಟ್ರ ಕಾಲು ನೋಡು.”

“ನೋಡ್ದೆ. ಜೇನಿನ ಒಂದು ಮುಳ್ಳಿನ ಗುರುತಾದ್ರೂ ಇದ್ಯಾ? ಅದು ತೋರಿಸಿದ್ರೆ ಏಳ್ತೀನಿ. ಇಲ್ದಿದ್ರೆ ಮೊದಲು ನನ್ನ ಸೆರಗಿಗೆ ಹಚ್ಚು.”

ಆಳು ಪಂಜು ಹಿಡಿದುಕೊಂಡೇ ಅಪ್ಪನ ಮುಖ ನೋಡಿದ. ನಿಜ ಹೇಳಲು ಬಾಯಿ ತೆರೆದೆ. ಬಂದದ್ದು “ಝುಂಯ್”. ಮೇಷ್ಟ್ರು ಉಳುಕಿದ ಕಾಲನ್ನೂ ಮರೆತು ಎರಡು ಮೆಟ್ಟಿಲು ನೆಗೆದರು.

“ನೂರೂ ನಾನೇ ಮೇಷ್ಟ್ರೇ,” ಎಂದೆ.

ಅಪ್ಪನ ಕೈ ಏಳುವ ಮೊದಲೇ ಅತ್ತೆ ತೀರ್ಪು ಕೊಟ್ಟರು: “ಸದ್ದು ಬರುತ್ತಲ್ಲ ನಿಂಗೆ? ಇನ್ಮೇಲೆ ಕೆಲಸಾನೂ ಮಾಡು.” ಅರಳಲಿದ್ದ ನಾಲ್ಕು ಹೆಣ್ಣುಮೊಗ್ಗುಗಳಿಗೆ ಹಳೆಯ ಪಂಚೆಯ ಚೂರು ಸುತ್ತಿದರು. ಜೇನು ಅವನ್ನು ಮುಟ್ಟುವಂತಿಲ್ಲ. ಅರಳಿದ ಬೆಳಿಗ್ಗೆ ನಾನೇ ಗಂಡುಹೂವಿನ ಹುಡಿ ಸವರಬೇಕು. ಎರಡು ಮೂರು ದಿನಕ್ಕೊಂದರಂತೆ ಅರಳಿದವು. ಹೂವು ಮುಚ್ಚುವ ಹೊತ್ತಿಗೆ ನನ್ನ ಕಣ್ಣು ತೆರೆಯುತ್ತಿತ್ತು. ಮೂರು ಹೀಚು ಕೊಳೆತವು. ಜೇನು ಮುಟ್ಟಿದ ಬೇರೆ ಹೀಚುಗಳು ದಿನದಿನಕ್ಕೂ ಉಬ್ಬುತ್ತಿದ್ದವು. ಅಷ್ಟು ಸಣ್ಣ ಪ್ರಾಣಿಯ ಮುಂದೆ ನಾಪಾಸಾದದ್ದು ಯಾವ ಪರೀಕ್ಷೆಗಿಂತಲೂ ಹೆಚ್ಚು ಚುಚ್ಚಿತು. ನಾಲ್ಕನೆಯ ಹೂವಿನ ದಿನ ಹಟ ಹಿಡಿದು ಬೆಳಕು ಹರಿಯುವ ಮೊದಲೇ ಬಳ್ಳಿಯ ನಡುವೆ ಹೋಗಿ ಕೂತೆ. ಜೇನುಗಳು ಬಂದವು, ಹುಡಿ ಹಿಡಿದ ನನ್ನ ಕೈಯ ಮೇಲೆ ನಡೆದಾಡಿದವು. ನಾನು ಉಸಿರನ್ನೂ ಅಳೆದು ಬಿಡುತ್ತಾ ಹೂವಿಗೆ ಹುಡಿ ಸವರಿದೆ. ಆ ಒಂದು ಕಾಯಿ ಕಚ್ಚಿತು. ಸೊಟ್ಟಗಾಗಿದ್ದರೂ ಬಲಿತ ಮೇಲೆ ಮೇಷ್ಟ್ರಿಗೇ ಕೊಟ್ಟುಬಂದೆ.

ಈಗ ಹಿತ್ತಿಲಲ್ಲಿ ಇನ್ನೊಂದು ರೂಮು ಬೇಕೆಂದು ಅಪ್ಪನ ಆಸೆ. ಗಡ್ಡ ಮುಗಿಸಿ ಹೊರಬಂದರೆ ಮೇಸ್ತ್ರಿ ಜೇನು ಇನ್ನೂ ಇರುವ ಆ ಗೋಡೆಗೆ ಟೇಪು ಹಿಡಿದು, “ಇದನ್ನ ಕೆಡವ್ಬೇಕು ಸಾರ್,” ಎಂದ.

“ಆಗಲ್ಲ. ಮಹಡಿ ಮೇಲೆ ಕಟ್ಟಿ,” ಎಂದೆ.

ಅವನು ನಕ್ಕ, ಯಾರನ್ನೋ ಅಣಕಿಸುತ್ತಿದ್ದೇನೆ ಎಂದುಕೊಂಡಿರಬೇಕು. ಅದೇ ಮಾತನ್ನು, ಅದೇ ದನಿಯಲ್ಲಿ, ಇನ್ನೊಮ್ಮೆ ಹೇಳಿದೆ. ಮೇಸ್ತ್ರಿ ಟೇಪು ಸುತ್ತಿಕೊಂಡು ಮಹಡಿ ಮೆಟ್ಟಿಲು ಹತ್ತಿದ.