ತೆರೆಯದ ಪೆಟ್ಟಿಗೆಗೆ ನಾನು ನುಡಿದ ಸಾಕ್ಷಿ

ಶಿಕ್ಷೆ ಅನುಭವಿಸಿದವನು ಪಂಪಾಪತಿ. ತಪ್ಪು ನನ್ನದು. ತಂಗಿಯ ಗಂಡನಿಗೆ ನಕಲಿ ಗಡಿಯಾರ ಕೊಟ್ಟು ಅಸಲಿಯನ್ನು ಮಾರಿಕೊಂಡ ಕಳ್ಳ ಎಂದು ಕಂಪ್ಲಿಯ ಒಂದು ಮನೆಯ ಪಡಸಾಲೆಯಲ್ಲಿ ಅವನಿಗೆ ಹೆಸರು ಬಿತ್ತು. ಅಂದಿನಿಂದ ಅವನು ತಂಗಿಯ ಹೊಸ್ತಿಲು ತುಳಿದಿಲ್ಲ. ಅದಕ್ಕೆ ಸಾಕಾದದ್ದು ನನ್ನ ಒಂದು ಮಾತು. ಆ ಮಾತು ಸುಳ್ಳು ಎಂಬುದು ಆಡುವಾಗಲೇ ನನಗೆ ಗೊತ್ತಿತ್ತು.

ಹೊಸಪೇಟೆಯ ಸುತ್ತ ನನ್ನನ್ನು ಬಲ್ಲವರು 'ಅಕ್ಕಾರು' ಎನ್ನುತ್ತಾರೆ. ನಕಲಿ ಮೊಬೈಲು, ನಕಲಿ ಗಡಿಯಾರ, ಕಣ್ಣು ಕುಕ್ಕುವ ಜಾಹೀರಾತುಗಳ ಮೋಸ—ಇವುಗಳ ಬಗ್ಗೆ ಸಂಡೂರಿನಿಂದ ಕಂಪ್ಲಿಯವರೆಗೆ ಕಾಲೇಜುಗಳಲ್ಲಿ, ಸಂತೆಗಳಲ್ಲಿ ಮಾತಾಡುವುದು ನಾನು ಹಚ್ಚಿಕೊಂಡ ಕೆಲಸ. ಪ್ರತಿ ಸಭೆಯಲ್ಲೂ ನನ್ನ ಮೊದಲ ವಾಕ್ಯ ಒಂದೇ: ತೆರೆದು ನೋಡದೆ ನಂಬಬೇಡಿ. ಈಗಲೂ ಅದನ್ನೇ ಹೇಳುತ್ತೇನೆ. ಹೇಳುವಾಗ ನಾಲಗೆ ಒಣಗುತ್ತದೆ. ಸಭಿಕರು ನೀರು ತಂದುಕೊಡುತ್ತಾರೆ.

ಪಂಪಾಪತಿ ನಮ್ಮ ಓಣಿಯವನು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕ. ಅವನ ತಂಗಿ ಶಾರದೆ ನನ್ನ ಬಳಿ ಪಾಠ ಹೇಳಿಸಿಕೊಂಡು ಬೆಳೆದವಳು. ಕಂಪ್ಲಿಯ ಮಂಜುನಾಥನೊಂದಿಗೆ ಅವಳ ಮದುವೆ ಗೊತ್ತಾದಾಗ, ವರದಕ್ಷಿಣೆ ಕೇಳದ ಮನೆತನವೆಂದು ನಾನೇ ಓಣಿಯಲ್ಲೆಲ್ಲ ಹೊಗಳಿದ್ದೆ. ಆದರೆ ಅಳಿಯನ ಕೈಗೊಂದು ಗಡಿಯಾರ ಕಟ್ಟುವ ಪದ್ಧತಿ ನಮ್ಮ ಕಡೆ ಉಳಿದೇ ಇದೆ. ಅದನ್ನು ವರದಕ್ಷಿಣೆ ಎಂದು ಯಾರೂ ಎಣಿಸುವುದಿಲ್ಲ. ನಾನೂ ಎಣಿಸಲಿಲ್ಲ—ಅದೂ ತಪ್ಪೇ.

ಮಂಜುನಾಥನಿಗೆ ಅಪರೂಪದ ಯಂತ್ರಗಳನ್ನು ಕೂಡಿಡುವ ಹುಚ್ಚು. ಎಲ್ಲಕ್ಕಿಂತ ಮೊದಲು ಬಂದ ಮಾದರಿಯ ಮೊಬೈಲು, ಈಗ ಯಾರೂ ತಯಾರಿಸದ ಕ್ಯಾಮೆರಾ, ಪೆಟ್ಟಿಗೆಯಿಂದಲೇ ಹೊರಬರದ ಕೈಗಡಿಯಾರ—ಇವೆಲ್ಲ ಅವನ ಗಾಜಿನ ಕಪಾಟಿನಲ್ಲಿವೆ. ಆ ಕಪಾಟಿನಲ್ಲಿ ನಿಲ್ಲುವಂಥದ್ದನ್ನೇ ಕೊಡಬೇಕೆಂದು ಪಂಪಾಪತಿ ಆಸೆಪಟ್ಟ. ಅದಕ್ಕಾಗಿ ಹೆಚ್ಚುವರಿ ಪಾಳಿ ದುಡಿದ. ನಕಲಿ ಹಿಡಿಯುವವರು ಜೊತೆಗಿದ್ದರೆ ಮೋಸವಾಗದು ಎಂದು ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದ.

ಹೊಸಪೇಟೆಯ ಆ ಅಂಗಡಿಯ ಹೆಸರನ್ನು ಇಲ್ಲಿ ಬರೆದಿಲ್ಲ, ಈಗ ಪೊಲೀಸರಿಗೆ ಕೊಟ್ಟ ದೂರಿನಲ್ಲಿ ಬರೆದಿದ್ದೇನೆ. ಅಲ್ಲಿ 'ಹಂಪಿ ಸ್ಮರಣೆ, ಸೀಮಿತ ಆವೃತ್ತಿ' ಎಂಬ ಸ್ಮಾರ್ಟ್ ಗಡಿಯಾರ ಮಾರಾಟಕ್ಕಿತ್ತು. ಪೆಟ್ಟಿಗೆಯ ಮೇಲೆ ಕಮಲ ಮಹಲಿನ ಕಮಾನು. 'ಚಿನ್ನದ ಲೇಪ' ಎಂಬ ಮಾತಿನ ತಲೆಯ ಮೇಲೊಂದು ಪುಟ್ಟ ನಕ್ಷತ್ರ. ಗಡಿಯಾರದ ಮುಖದಲ್ಲಿ ಹಂಪಿಯ ಸ್ಮಾರಕದ ಅಸಲಿ ಕಲ್ಲಿನ ಚೂರು ಕೂರಿಸಲಾಗಿದೆ ಎಂಬ ಘೋಷಣೆ ಬೇರೆ. ನಾನು ಅಲ್ಲಿಯೇ ನಿಲ್ಲಬೇಕಿತ್ತು. ಕಲ್ಲು ಸ್ಮಾರಕದ್ದೇ ಆಗಿದ್ದರೆ ಅದು ಕಳವು. ಅಲ್ಲವಾದರೆ ಗಿರಾಕಿಗೆ ಮೋಸ. ನಕ್ಷತ್ರದ ಅರ್ಥ ಪೆಟ್ಟಿಗೆಯ ತಳದಲ್ಲಿ ಇರುವೆಯಷ್ಟು ಅಕ್ಷರದಲ್ಲಿತ್ತು—'ಚಿನ್ನದ ಬಣ್ಣ' ಎಂದು. ನಾನು ಪೆಟ್ಟಿಗೆಯನ್ನು ತಿರುವಿ ನೋಡಲಿಲ್ಲ. ತಯಾರಕರ ವಿಳಾಸ ಎಲ್ಲೂ ಇರಲಿಲ್ಲ, ನಾನು ಹುಡುಕಲಿಲ್ಲ.

ಯಾಕೆ? ಗಲ್ಲಾದ ಹಿಂದಿನ ಗೋಡೆಗೆ ಮಾಲೀಕರು ನಮ್ಮ ಚಳವಳಿಯದೇ ಭಿತ್ತಿಪತ್ರ ಅಂಟಿಸಿದ್ದರು. 'ನಕಲಿ ಗುರುತಿಸಿ, ಎಚ್ಚರವಾಗಿರಿ'. ಅದರ ಕೆಳಗೆ ನನ್ನ ಹೆಸರು. ಅದನ್ನು ಕಂಡು ನಾನು ಉಬ್ಬಿದೆ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದೊಂದು ಕಾರಣ ಇದ್ದಿದ್ದರೆ ಹೇಳಿಕೊಳ್ಳಲು ಸುಲಭವಾಗುತ್ತಿತ್ತೇನೋ—

"ಅಕ್ಕಾರ, ಒಮ್ಮೆ ಒಳಗ ನೋಡಬಾರದೇನ್ರಿ?" ಎಂದು ಪಂಪಾಪತಿ ಮೆಲ್ಲಗೆ ಕೇಳಿದ.

ಮಾಲೀಕರು ನಕ್ಕರು. "ಏನಪ್ಪ, ಹೂಕೋಸು ತಗೊಳ್ಳಾಕ ಬಂದೀಯೇನು, ಎಲಿ ಬಿಡಿಸಿ ನೋಡಾಕ? ಸೀಲ್ ಒಡದ್ರ ಇದರ ಕಿಮ್ಮತ್ತು ಅಲ್ಲಿಗೇ ಖಲಾಸ್. ಕೇಳು ಬೇಕಾದ್ರ ನಿಮ್ಮ ಅಕ್ಕಾರ್ನ."

ನಾನು ತಲೆಯಾಡಿಸಿದೆ. ಮಾಲೀಕರು ವಿಡಿಯೋ ಮಾಡಲು ತಮ್ಮ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದರು. "ಮೇಡಂ, ನಕಲಿ ಹಿಡಿಯೋರು ನೀವು. ನಿಮ್ಮ ಬಾಯಿಂದ ಒಂದು ಮಾತು ಬರ್ಲಿ, ಸಾಕ್ರಿ."

ಪೆಟ್ಟಿಗೆಯನ್ನು ಎದೆಯ ಹತ್ತಿರ ಎತ್ತಿ ಹಿಡಿದು ನಾನು ಹೇಳಿದೆ: "ನಾನು ಪರೀಕ್ಷಿಸಿ ನೋಡಿದ್ದೇನೆ. ಇದು ಅಸಲಿ."

ಪ್ಲಾಸ್ಟಿಕ್ ಹಾಳೆ ನನ್ನ ಬೆರಳಡಿ ಚರಚರ ಎಂದಿತು. ಇಂದಿಗೂ ಬಿಸ್ಕತ್ತಿನ ಪೊಟ್ಟಣ ಬಿಚ್ಚುವ ಸದ್ದಿಗೆ ನನ್ನ ಎದೆ ಹಾರುತ್ತದೆ.

ಮದುವೆಯಾಯಿತು. ಅಳಿಯನ ಕೈಗೆ ಗಡಿಯಾರ ಕಟ್ಟಲಿಲ್ಲ, ಸೀಲ್ ಸಮೇತ ಪೆಟ್ಟಿಗೆಯನ್ನೇ ಇಟ್ಟರು. ಅದು ಗಾಜಿನ ಕಪಾಟು ಸೇರಿತು. ತಿಂಗಳುಗಳು ಕಳೆದ ಮೇಲೆ, ಇದೇ ಹುಚ್ಚಿನ ಗೆಳೆಯನೊಬ್ಬ ಬಂದು ಒತ್ತಾಯಿಸಿದನೆಂದು ಮಂಜುನಾಥ ಸೀಲ್ ಒಡೆದ. ಗಡಿಯಾರವನ್ನು ಮೊಬೈಲಿಗೆ ಜೋಡಿಸಿದರೆ ಪರದೆಯ ಮೇಲೆ ಮೂಡಿದ್ದು ಬಸ್ ನಿಲ್ದಾಣದ ಹೊರಗೆ ಹಾಸು ಹಾಸಿ ಮಾರುವ ಅಗ್ಗದ ಗಡಿಯಾರದ ಹೆಸರು. ಹಂಪಿಯ ಕಲ್ಲನ್ನು ಉಗುರಿನಿಂದ ಕೆರೆದರೆ ಬಣ್ಣ ಎದ್ದು ಬಂತು. ಅಡಿಯಲ್ಲಿ ಬರೀ ಪ್ಲಾಸ್ಟಿಕ್.

ಕಂಪ್ಲಿಗೆ ನನ್ನನ್ನು ಕರೆಸಿದರು. ಪಡಸಾಲೆಯ ತುಂಬ ಬೀಗರು. ನಡುವೆ ಮಂಜುನಾಥನ ದೊಡ್ಡಪ್ಪ ಹೊನ್ನೂರಪ್ಪನವರು, ಅವರ ಎದುರಿಗೆ ಪಾಳಿ ಮುಗಿಸಿ ಅದೇ ಬಟ್ಟೆಯಲ್ಲಿ ಬಂದಿದ್ದ ಪಂಪಾಪತಿ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ನನ್ನನ್ನು ಕಂಡು ನಿರಾಳವಾದದ್ದು ಎದ್ದು ಕಾಣುತ್ತಿತ್ತು. ಅಕ್ಕಾರು ಬಂದರು, ಇನ್ನು ಎಲ್ಲ ತಿಳಿಯಾಗುತ್ತದೆ ಎಂಬಂತೆ ಸರಿದು ಜಾಗ ಮಾಡಿಕೊಟ್ಟ.

ಅಂಗಡಿಯವರು ಜಾಹೀರಾತಿಗೆಂದು ಹರಿಯಬಿಟ್ಟಿದ್ದ ಆ ವಿಡಿಯೋವನ್ನು ಮಂಜುನಾಥ ಹಾಕಿದ. ನನ್ನದೇ ದನಿ ಪಡಸಾಲೆಯ ತುಂಬ ಕೇಳಿಸಿತು.

"ಅಕ್ಕಾರ, ನೀವು ತಿಳಿದೋರು," ಎಂದರು ಹೊನ್ನೂರಪ್ಪನವರು. "ಖರೇ ಹೇಳ್ರಿ. ಒಳಗಿನ ವಾಚು ನೀವು ಕಣ್ಣಾರ ನೋಡಿದ್ರೋ ಇಲ್ಲೋ?"

ಆ ವಾರವೇ ಜಿಲ್ಲೆಯ ಮೂಲೆಮೂಲೆಗಳಿಂದ ಮೋಸಹೋದವರನ್ನು ಕೂಡಿಸಿ ನಾವು ಸಭೆ ಮಾಡುವವರಿದ್ದೆವು. ಪೆಟ್ಟಿಗೆ ತೆರೆಯದೆ 'ಪರೀಕ್ಷಿಸಿದ್ದೇನೆ' ಎಂದವಳು ಆ ವೇದಿಕೆ ಹತ್ತುವುದು ಹೇಗೆ? ಅಷ್ಟು ಜನರ ದೂರುಗಳ ಗತಿ ಏನು? ಒಬ್ಬನ ಸಂಕಟಕ್ಕಿಂತ ಚಳವಳಿ ದೊಡ್ಡದು—ಹೀಗೆಂದು ನಾನು ಯೋಚಿಸಿದೆ. ಇಲ್ಲ, ಈ ವಾಕ್ಯವನ್ನು ತಿದ್ದಬೇಕು. ನಾನು ಯೋಚಿಸಿದ್ದು ನನ್ನ ಹೆಸರನ್ನು. ಅದಕ್ಕೆ ಚಳವಳಿ ಎಂದು ಕರೆದುಕೊಂಡೆ.

"ನಾನು ನೋಡಿದಾಗ ಅಸಲಿಯೇ ಇತ್ತು" ಎಂದೆ.

ಪಂಪಾಪತಿ ತಿರುಗಿ ನೋಡಿದ. "ಅಕ್ಕಾರ… ನಾವು ಪೆಟಗಿ ತಗದೇ ಇದ್ದಿಲ್ಲಲ್ರಿ."

"ಹಂಗಾರ ಅಕ್ಕಾರು ಸುಳ್ಳು ಹೇಳ್ತಾರೇನಲೇ?" ಹೊನ್ನೂರಪ್ಪನವರ ದನಿ ಏರಿತು. "ವಿಡಿಯೋದಾಗ ಒಂದು ನಾಲಗಿ, ಇಲ್ಲಿ ಒಂದು ನಾಲಗಿ ಇಟ್ಕಂಡಾರೇನು ಅವರು?"

"ಸೀಲ್ ಮತ್ತ ಹಾಕಾಕ ಬರತೈತಿ ದೊಡ್ಡಪ್ಪ," ಎಂದ ಮಂಜುನಾಥ, ಯಾರ ಮುಖವನ್ನೂ ನೋಡದೆ. "ಹಾಳಿ ಸುತ್ತಿ ಬಿಸಿಗಾಳಿ ಹೊಡದ್ರ ಹೊಸಾದಿದ್ದಂಗ ಆಗತೈತಿ. ಅಕ್ಕಾರೇ ನಮ್ಮ ಕಾಲೇಜಿನಾಗ ತೋರಿಸಿದ್ರು."

ಹೌದು, ತೋರಿಸಿದ್ದೆ. ಮೋಸಗಾರರನ್ನು ಹಿಡಿಯಲು ನಾನು ಕಲಿಸಿದ ಪಾಠವೇ ನಿರಪರಾಧಿಯೊಬ್ಬನ ಕೊರಳಿಗೆ ಬಿತ್ತು. ಆಗಲಾದರೂ ಬಾಯಿ ತೆರೆಯಬಹುದಿತ್ತು. ಸಮಯವಿತ್ತು—ನಾನು ಸೆರಗು ಸರಿಮಾಡಿಕೊಂಡೆ.

ಒಳಬಾಗಿಲಲ್ಲಿ ನಿಂತಿದ್ದ ಶಾರದೆ ಅಳುತ್ತ ಹೇಳಿದಳು: "ಅಣ್ಣಾ, ಒಪ್ಪಿಕೊಂಡು ಬಿಡು. ಏನರ ಅಡಚಣಿ ಇದ್ದೀತು ನಿನಗ. ನಾ ಏನೂ ಅನ್ನಂಗಿಲ್ಲ."

ಬೀಗರ ಬೈಗುಳಕ್ಕೆ ಅಲುಗದವನು ತಂಗಿಯ ಆ ಕ್ಷಮೆಗೆ ಕುಸಿದ. "ಆತು ಬಿಡವ್ವ," ಎಂದು ಎದ್ದ. ಚಹಾದ ಲೋಟ ತುಂಬಿದಂತೆಯೇ ಇತ್ತು. ಅದನ್ನು ಒಳಗೆ ಒಯ್ದವಳು ಶಾರದೆ.

ನಮ್ಮ ಕಡೆ ನಾಗರಪಂಚಮಿಗೆ ಅಣ್ಣಂದಿರು ಹೋಗಿ ತಂಗಿಯರನ್ನು ತವರಿಗೆ ಕರೆತರುತ್ತಾರೆ. ಉಂಡಿ ಕಟ್ಟುವ ಆ ದಿನಗಳಲ್ಲಿ ಹೊಸಪೇಟೆಯ ನಿಲ್ದಾಣದಲ್ಲಿ ಕಂಪ್ಲಿ ಬಸ್ಸು ಹತ್ತುವ ಗಂಡಸರನ್ನು ನೋಡುತ್ತೇನೆ. ಅವರಲ್ಲಿ ಪಂಪಾಪತಿ ಇರುವುದಿಲ್ಲ. ಶಾರದೆಗೆ ಮಗಳು ಹುಟ್ಟಿದಾಗ ತೊಟ್ಟಿಲಿಗೆ ನನ್ನನ್ನು ಕರೆದರು, ಅವನನ್ನು ಕರೆಯಲಿಲ್ಲ. ನಾನು ಹೋದೆ. ಉಂಡು ಬಂದೆ.

ಒಮ್ಮೆ ಹೇಳಿಯೇ ಬಿಡುತ್ತೇನೆಂದು ತೋರಣಗಲ್ಲಿಗೆ ಹೋಗಿ ಪಾಳಿ ಬಿಡುವ ಹೊತ್ತಿಗೆ ಬಸ್ ತಂಗುದಾಣದಲ್ಲಿ ಕಾದೆ. ಅವನೇ ನನ್ನನ್ನು ಗುರುತಿಸಿ ಹತ್ತಿರ ಬಂದ. "ಆರಾಮ ಅದೀರೇನ್ರಿ ಅಕ್ಕಾರ? ಬಿಸಲಾಗ ನಿಂತೀರಲ್ರಿ." ನನ್ನ ಕೈ ತಾನಾಗಿ ಚೀಲಕ್ಕೆ ಹೋಯಿತು. ಒಂದು ಕರಪತ್ರ ತೆಗೆದು ಅವನಿಗೆ ಕೊಟ್ಟೆ. 'ನಕಲಿ ವಸ್ತು ಗುರುತಿಸುವುದು ಹೇಗೆ?' ಅವನು ಅದನ್ನು ಓದಿದ, ಮಡಚಿದ, ಬುತ್ತಿಯ ಚೀಲದೊಳಗೆ ಇಟ್ಟುಕೊಂಡ. ಬಸ್ಸು ಬಂತು. ಕಿಟಕಿಯಿಂದ ಕೈ ಎತ್ತಿದ ಕೂಡ.

ಇಷ್ಟು ಕಾಲ ಮುಚ್ಚಿಟ್ಟದ್ದನ್ನು ಈಗ ಯಾಕೆ ಹೇಳುತ್ತಿದ್ದೇನೆ? ಧೈರ್ಯ ಬಂದು ಅಲ್ಲ, ಭಯ ಹೆಚ್ಚಾಗಿ. ಕಳೆದ ತಿಂಗಳು ಮರಿಯಮ್ಮನಹಳ್ಳಿಯ ಸಭೆ ಮುಗಿದಾಗ ಯುವತಿಯೊಬ್ಬಳು ಓಡಿಬಂದು ಮೊಬೈಲು ತೋರಿಸಿದಳು. "ಅಕ್ಕಾರ, ನೀವಽ ಅಲ್ರಿ ಇದು? ನೀವು ಹೇಳೀರಂತ ನಮ್ಮ ಅಪ್ಪಾರು ಅಳಿಯಗ ಇದನ್ನಽ ಬುಕ್ ಮಾಡ್ಯಾರ." ಅದೇ ವಿಡಿಯೋ. ಹೊಸ ಆವೃತ್ತಿಯ ಗಡಿಯಾರಕ್ಕೆ ನನ್ನ ಹಳೆಯ ಮುಖ. ಬುಕಿಂಗ್ ರದ್ದುಮಾಡಿಸಿ ಎಂದೆ. ಯಾಕೆ ಎಂದು ಕೇಳಿದಳು. ಉತ್ತರ ಒಂದೇ ಇತ್ತು; ಮೊದಲ ಬಾರಿ ಅದನ್ನು ಬಾಯಿಬಿಟ್ಟು ಹೇಳಿದೆ. ಅವಳು ಮೊಬೈಲು ಕೆಳಗಿಳಿಸಿ ನನ್ನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲು ಪಂಪಾಪತಿಯ ಮನೆಗೆ ಹೋಗಿ ಓದಲು ಶುರುಮಾಡಿದೆ. ಮೊದಲ ಸಾಲುಗಳು ಮುಗಿಯುವಷ್ಟರಲ್ಲಿ ಅವನು ಕೈ ಅಡ್ಡ ಹಿಡಿದ. "ನನಗ ಯಾಕ ಓದತೀರ್ರಿ ಅಕ್ಕಾರ? ನನಗ ಅವತ್ತಽ ಗೊತ್ತಿತ್ತಲ್ಲ. ಗೊತ್ತಿಲ್ದೋರ ಮುಂದ ಓದ್ರಿ."

ಆದ್ದರಿಂದ ಗೊತ್ತಿಲ್ಲದವರ ಮುಂದೆ ಓದುತ್ತಿದ್ದೇನೆ. ಅವನಲ್ಲಿ ಕ್ಷಮೆ ಕೇಳಿಲ್ಲ. ಕೇಳಿದರೆ ಕೊಟ್ಟುಬಿಡುವ ಮನುಷ್ಯ ಅವನು.

ಅಂಗಡಿಯ ಮಾಲೀಕರೇ, ಆ ವಿಡಿಯೋವನ್ನು ಇಂದೇ ತೆಗೆಯಿರಿ. ಉಳಿದ ಪೆಟ್ಟಿಗೆಗಳ ಸೀಲನ್ನು ನಿಮ್ಮ ಗಲ್ಲಾದ ಮೇಲೆ, ಗಿರಾಕಿಗಳ ಕಣ್ಣೆದುರು ಒಡೆಯಿರಿ. ಜಾಹೀರಾತು ಹಾಕಿದ ಜಾಗಗಳಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಅದರಲ್ಲಿ ಹಂಪಿಯ ಕಲ್ಲೂ ಇಲ್ಲ, ಚಿನ್ನವೂ ಇಲ್ಲ ಎಂದು ಪ್ರಕಟಿಸಿ, ಕೊಂಡವರೆಲ್ಲರ ಹಣ ಹಿಂದಿರುಗಿಸಿ. ನಿಮ್ಮ ಗೋಡೆಯ ಮೇಲಿನ ನನ್ನ ಹೆಸರನ್ನು ಹರಿದುಹಾಕಿ. ದೂರಿನಲ್ಲಿ ನಿಮ್ಮ ಹೆಸರಿನ ಕೆಳಗೆ ಆರೋಪಿಯೆಂದು ನನ್ನ ಹೆಸರನ್ನೂ ಬರೆದಿದ್ದೇನೆ.

ಹೊನ್ನೂರಪ್ಪನವರೇ, ಮಂಜುನಾಥ, ಅಂದು ಕೂಡಿದ್ದ ಅಷ್ಟೂ ಜನರನ್ನು ಅದೇ ಪಡಸಾಲೆಗೆ ಮತ್ತೆ ಕರೆಯಿರಿ. ನನ್ನನ್ನು ನಡುವೆ ನಿಲ್ಲಿಸಿ ಅದೇ ಪ್ರಶ್ನೆ ಕೇಳಿ: ಕಣ್ಣಾರೆ ನೋಡಿದ್ದಿರೋ ಇಲ್ಲವೋ? ಇಲ್ಲ ಎನ್ನುತ್ತೇನೆ. ಆಮೇಲೆ ನೀವೇ ಹೊಸಪೇಟೆಗೆ ಹೋಗಿ, ಪಂಪಾಪತಿಯ ಬಾಗಿಲಲ್ಲಿ ನಿಂತು, ಕಳ್ಳ ಎಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಈ ಪಂಚಮಿಗೆ ತಂಗಿಯನ್ನು ಕರೆಯಲು ಅವನು ಬಸ್ಸು ಹತ್ತುತ್ತಾನೋ ಇಲ್ಲವೋ, ಅದು ಅವನಿಗೆ ಬಿಟ್ಟದ್ದು. ಹತ್ತದಿದ್ದರೆ ಅವನನ್ನು ದೂರಬೇಡಿ.