ಮೊದಲು ಹೊರಗೆ ಬಂದವಳು

ನಮ್ಮ ದೊಡ್ಡವ್ವನ ತಲೆಯಲ್ಲಿ, ಬಲಗಿವಿಯ ಮೇಲೆ, ಅಂಗೈಯಷ್ಟು ಜಾಗದಲ್ಲಿ ಕೂದಲು ಇರಲಿಲ್ಲ. ಅಲ್ಲಿನ ಚರ್ಮ ಸುಟ್ಟ ಗಾಯ ಮಾದಂತೆ ನುಣ್ಣಗೆ ಹೊಳೆಯುತ್ತಿತ್ತು. ಹೊರಗಿನವರ ಮುಂದೆ ಸೆರಗು ಅದರ ಮೇಲಿಂದ ಸರಿಯುತ್ತಿರಲಿಲ್ಲ. ಮನೆಯೊಳಗೆ ಮಾತ್ರ, ಯಾವುದಾದರೂ ವಿಚಾರ ತಲೆ ಹೊಕ್ಕಿತೆಂದರೆ, ಎರಡು ಬೆರಳಿನಿಂದ ಆ ಜಾಗವನ್ನು ಸವರುತ್ತ ಕೂರುತ್ತಿದ್ದಳು. ಅವಳು ಹಾಗೆ ಸವರತೊಡಗಿದರೆ ಇವತ್ತು ಯಾರಿಗೋ ಕಾದಿದೆ ಎಂದು ನಾನು, ತಮ್ಮ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಹೆಚ್ಚಿನ ಸಲ ಕಾದಿರುತ್ತಿದ್ದದ್ದು ದೇವರಿಗೆ.

ಆ ಜಾಗದಲ್ಲಿ ಒಂದು ಕಾಲಕ್ಕೆ ದೇವಿಯದೆಂದು ಬಿಟ್ಟ ಜಟೆ ಇತ್ತು. ದೊಡ್ಡವ್ವ ನನ್ನ ಅವ್ವನ ಅಕ್ಕ. ಅವ್ವ ಹಾಲು ಕುಡಿಯುವ ಕೂಸಾಗಿದ್ದಾಗ ಬೇನೆ ಬಿದ್ದು ಕಣ್ಣು ಮೇಲೆ ಮಾಡಿದಳಂತೆ. ಅಜ್ಜಿ ದೇವಿಗೆ ಹರಕೆ ಹೊತ್ತಳು: ಸಣ್ಣದನ್ನು ಉಳಿಸು, ದೊಡ್ಡದನ್ನು ನಿನಗೆ ಬಿಡುತ್ತೇನೆ. ಸಣ್ಣದು ಉಳಿಯಿತು. ದೊಡ್ಡದಕ್ಕೆ ಹಾಲುಹಲ್ಲು ಬಿದ್ದು ಮುಗಿಯುವ ಮೊದಲೇ ಕೊರಳಿಗೆ ಮುತ್ತು ಕಟ್ಟಿದರು. ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆಯಿಲ್ಲ. ಹೆಸರಿಗೆ ಅವಳು ದೇವರವಳು. ದೊಡ್ಡವಳಾದ ಮೇಲೆ ಊರಿನಲ್ಲಿ ನಾಲ್ಕು ದುಡ್ಡಿರುವ ಗಂಡಸು ಯಾರಾದರೂ ಅವಳನ್ನು ತನ್ನವಳೆನ್ನಬಹುದು. ಆ ವರ್ಷಗಳ ಬಗ್ಗೆ ದೊಡ್ಡವ್ವ ಬಾಯಿ ಬಿಟ್ಟದ್ದೇ ಇಲ್ಲ. ಒಂದು ದಿನ ಮಗ್ಗದ ನೂಲು ಕತ್ತರಿಸುವ ಕತ್ತರಿಯಿಂದ ತಾನೇ ಬುಡದ ಚರ್ಮ ಸಮೇತ ಜಟೆ ಕೊಯ್ದುಕೊಂಡು, ಬನಹಟ್ಟಿಯ ನಮ್ಮ ಓಣಿಯ ಕೊನೆಗಿದ್ದ ತಗಡಿನ ಚರ್ಚಿಗೆ ಹೋಗಿ ಕುಳಿತಳು. ಅಲ್ಲಿಗೇ ಯಾಕೆ ಎಂದು ನಾನು ಕೇಳಿದ್ದೆ.

"ನೀ ಯಾರಾಕಿ ಅಂತ ಅಲ್ಲಿ ಯಾರೂ ಕೇಳ್ಲಿಲ್ಲ. ಕುಂದರವಾ ಅಂದ್ರು. ಕುಂತೆ."

ನನ್ನ ಅಪ್ಪ ತೀರಿಕೊಂಡ ಮೇಲೆ ಅಕ್ಕತಂಗಿಯರು ಒಂದೇ ಮನೆಯಲ್ಲಿದ್ದರು. ಅವ್ವನೂ ಅಕ್ಕನ ಹಿಂದೆ ಚರ್ಚಿಗೆ ನಡೆದಳು, ನಮ್ಮನ್ನೂ ನಡೆಸಿದಳು. ಇಬ್ಬರೂ ಮಗ್ಗದವರಿಗೆ ರಾಟೆಯಲ್ಲಿ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದರು. ದೊಡ್ಡವ್ವನ ರಾಟೆ ತಿರುಗುವಾಗ ಬಾಯಿಯೂ ತಿರುಗುತ್ತಿತ್ತು. ಓದು ಬರುತ್ತಿರಲಿಲ್ಲ, ಕೇಳಿದ್ದು ಮರೆಯುತ್ತಿರಲಿಲ್ಲ. ಭಾನುವಾರ ಚರ್ಚಿನಲ್ಲಿ ಕೇಳಿದ ಪ್ರಸಂಗವನ್ನು ಸೋಮವಾರದಿಂದ ಶನಿವಾರದವರೆಗೆ ಬಿಚ್ಚಿ ಬಿಚ್ಚಿ ಸುತ್ತುವಳು. ಚರ್ಚಿನಲ್ಲಿ ಬಾಗಿಲ ಪಕ್ಕವೇ ಅವಳ ಜಾಗ. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಅವಳ ಕಣ್ಣು ತೆರೆದೇ ಇರುತ್ತಿತ್ತು. "ಒಮ್ಮೆ ಕಣ್ಣ ಮುಚ್ಚಿ ಕೈ ಮುಗದಾಗ ನನ್ನ ಮಾರಿದ್ರು, ಇನ್ನ ಮುಚ್ಚಾಂಗಿಲ್ಲ" ಎಂದು ನಕ್ಕುಬಿಡುತ್ತಿದ್ದಳು. ನಮಗೆ ನಗಬೇಕೋ ಬೇಡವೋ ತಿಳಿಯುತ್ತಿರಲಿಲ್ಲ.

ನಮ್ಮ ಪಾಸ್ಟರು ಮೆತ್ತನೆಯ ಮನುಷ್ಯ. ದೊಡ್ಡವ್ವನ ಕೈಯಲ್ಲಿ ಅವರ ಕಷ್ಟ ಹೇಳತೀರದು.

"ಅಯ್ಯಾರ, ಜನರನ್ನ ಬಿಡಾಂಗಿಲ್ಲ ಅಂದ ಆ ಐಗುಪ್ತದ ರಾಜಾನ ಮನಸ ಕಲ್ಲ ಮಾಡಿದಾಂವ ದೇವರ ಅಂತೀರಿ. ಮತ್ತ ಕಲ್ಲ ಮನಸ ಅಂತ ಅವನ ಮಗನ್ನ ಕೊಂದಾಂವನೂ ದೇವರ ಅಂತೀರಿ. ಇದ್ಯಾವ ನ್ಯಾಯರೀ?"

"ಅಕ್ಕಾರ, ಇದನ್ನ ಮುಂದಿನ ಐತವಾರಕ್ಕ ಇಟಗೊಳ್ಳೂಣ್ರಿ" ಎನ್ನುತ್ತಿದ್ದರು ಪಾಸ್ಟರು. ಆ ಮುಂದಿನ ಐತವಾರ ಎಂದೂ ಬರಲಿಲ್ಲ. ಆದರೂ ಅವಳಿಗೆ ಅವರ ಮೇಲೆ ಪ್ರೀತಿ. ಮಹಾಲಿಂಗಪುರದ ಬೆಲ್ಲ ಮನೆಗೆ ಬಂದರೆ ಮೊದಲ ಅಚ್ಚು ಅವರ ಮನೆಗೇ ಹೋಗುತ್ತಿತ್ತು.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ತಮ್ಮನಿಗೆ ಜ್ವರ ಬಂದು ತಲೆಗೇರಿತು. ಜಮಖಂಡಿಯ ಆಸ್ಪತ್ರೆಯಲ್ಲಿ ಹಾಕಿದ್ದೆವು. ಮಧ್ಯಾಹ್ನ, ಉರಿಬಿಸಿಲು, ವರಾಂಡದಲ್ಲಿ ಅವ್ವ ಮೊಣಕಾಲೂರಿ ಕೂತು ಗಟ್ಟಿಯಾಗಿಯೇ ಅಂದಳು: "ಯೇಸಪ್ಪಾ, ಇವನ್ನ ಉಳಿಸು. ಮಗಳನ್ನ ನಿನ್ನ ಸೇವಾಕ್ಕ ಬಿಡ್ತೇನಿ."

ಪಕ್ಕದಲ್ಲಿ ನೀರಿನ ಚರಿಗೆ ಹಿಡಿದು ನಾನು ನಿಂತಿದ್ದೆ. ಆಚೆ ಬದಿಗೆ ದೊಡ್ಡವ್ವ ಇದ್ದಳು. ಅವಳ ಕೈ ಸೆರಗಿನೊಳಗೆ ಹೋಗಿ ಆ ಬೋಳು ಜಾಗವನ್ನು ಮುಟ್ಟಿತು. ಸಂಜೆಗೆ ತಮ್ಮ ಕಣ್ಣು ಬಿಟ್ಟು ಗಂಜಿ ಕೇಳಿದ.

ಅವ್ವನನ್ನು ಬೈಯಲು ನನಗೆ ಈಗಲೂ ಆಗುವುದಿಲ್ಲ. ಅವಳು ಬದುಕಿದ್ದೇ ಒಂದು ಹರಕೆಯಿಂದ ಎಂದು ಹುಟ್ಟಿದಾಗಿನಿಂದ ಕೇಳಿದವಳು. ದೇವರು ಬದಲಾಗಿದ್ದ, ಬೇಡುವ ರೀತಿ ಬದಲಾಗಿರಲಿಲ್ಲ. ನನಗಂತೂ ಆಗ ಹೆಮ್ಮೆಯೇ ಆಗಿತ್ತು. ದೇವರಿಗೆ ಬೇಕಾದವಳು ಎಂದು ಓಣಿಯಲ್ಲಿ ಗೆಳತಿಯರ ಮುಂದೆ ಬೀಗಿದ್ದೆ.

ವರ್ಷಕ್ಕೆ ಒಂದೆರಡು ಸಲ ಬೇರೆ ಸೀಮೆಯಿಂದ ಒಬ್ಬ ಪ್ರಸಂಗಿ ಬರುತ್ತಿದ್ದರು. ಬಿಳಿ ಅಂಗಿ, ಪುಸ್ತಕದ ಕನ್ನಡ, ಸ್ವಂತ ಜೀಪು. ಎಲ್ಲೋ ದೂರದಲ್ಲಿ ಅವರದೊಂದು ಪ್ರಾರ್ಥನಾ ಮನೆ ಇತ್ತು. ದೇವರಿಗೆ ಕೊಟ್ಟ ಹುಡುಗಿಯರು ಅಲ್ಲಿ ಜೀವಮಾನವಿಡೀ ಇರಬೇಕು. ನಮ್ಮ ಸಭೆಯ ಒಬ್ಬ ಹುಡುಗಿ ಆಗಲೇ ಹೋಗಿದ್ದಳು. ಮೊದಮೊದಲು ಅವಳ ಫೋನು ಬರುತ್ತಿತ್ತು, ಆಮೇಲೆ ನಿಂತಿತು. ಕೇಳಲು ಹೋದ ಅವಳಪ್ಪನಿಗೆ ಆಕೆ ಉಪವಾಸ ಪ್ರಾರ್ಥನೆಯಲ್ಲಿದ್ದಾಳೆ, ಯಾರನ್ನೂ ನೋಡುವುದಿಲ್ಲ ಎಂದು ಗೇಟಿನಿಂದಲೇ ಹೇಳಿ ಕಳಿಸಿದ್ದರು. ಅವ್ವನ ಹರಕೆಯ ಸುದ್ದಿ ಕೇಳಿ ಪ್ರಸಂಗಿ ನನ್ನ ತಲೆಯ ಮೇಲೆ ಕೈಯಿಟ್ಟು, "ಹತ್ತನೆಯ ತರಗತಿ ಮುಗಿಸಲಿ, ಕರೆದೊಯ್ಯುತ್ತೇನೆ" ಎಂದರು. ಅವರ ಅಂಗೈ ತಣ್ಣಗಿತ್ತು.

ಅವತ್ತೇ ಅವರು ಬೈಬಲಿನ ಒಬ್ಬ ಸೇನಾಪತಿಯ ಕತೆಯನ್ನು ಪ್ರಸಂಗ ಮಾಡಿದರು. ಯುದ್ಧ ಗೆಲ್ಲಿಸಿದರೆ, ಮರಳಿದಾಗ ನನ್ನ ಮನೆಯ ಬಾಗಿಲಿನಿಂದ ಮೊದಲು ಹೊರಗೆ ಬಂದದ್ದನ್ನು ನಿನಗೆ ಬಲಿ ಕೊಡುತ್ತೇನೆ ಎಂದು ಅವನು ದೇವರಿಗೆ ಹರಕೆ ಹೊತ್ತ. ಗೆದ್ದು ಬಂದ. ಬಾಗಿಲು ತೆರೆದು, ದಮ್ಮಡಿ ಬಡಿದು ಕುಣಿಯುತ್ತ ಮೊದಲು ಹೊರಗೆ ಬಂದವಳು ಒಬ್ಬಳೇ ಮಗಳು. ಆಡಿದ ಮಾತನ್ನು ನಡೆಸು ಎಂದು ಅವಳೇ ಅಪ್ಪನಿಗೆ ಹೇಳಿದಳು. ಗೆಳತಿಯರೊಂದಿಗೆ ಗುಡ್ಡಗಳಲ್ಲಿ ಅತ್ತು ಮರಳಿ ಬಂದಳು. ಅವನು ಹರಕೆ ತೀರಿಸಿದ. "ಇಂಥ ಹೆಣ್ಣುಮಕ್ಕಳು ಬೇಕು" ಎಂದರು ಪ್ರಸಂಗಿ. "ಹರಕೆ ತಪ್ಪಿದ ಮನೆಯಿಂದ ದೇವರು ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ." ಅವ್ವ ತಮ್ಮನನ್ನು ಎಳೆದು ಮಡಿಲಿಗೆ ಅವುಚಿಕೊಂಡಳು.

ಮನೆಗೆ ಬಂದ ದೊಡ್ಡವ್ವ ರಾಟೆ ಮುಟ್ಟಲಿಲ್ಲ. ಬೈಬಲ್ ತಂದು ನನ್ನ ತೊಡೆಯ ಮೇಲಿಟ್ಟಳು.

"ಆ ಕತಿ ಓದ."

ಓದಿದೆ.

"ಆಕಿ ಹೆಸರೇನ?"

ಹುಡುಕಿದೆ. ಅಪ್ಪನ ಹೆಸರಿತ್ತು, ಊರಿನ ಹೆಸರಿತ್ತು, ಸೋತವರ ಊರುಗಳ ಹೆಸರೂ ಇದ್ದವು. ಹುಡುಗಿಯದು ಇರಲಿಲ್ಲ.

"ಸರಿಯಾಗಿ ನೋಡ."

"ಇಲ್ಲ ದೊಡ್ಡವ್ವಾ."

ಅಂದಿನಿಂದ ದಿನಾ ಸಂಜೆ ಅದೇ ಅಧ್ಯಾಯ. ಬೇರೆ ಏನು ಓದಲು ಹೋದರೂ ಅವಳು ಒಪ್ಪುತ್ತಿರಲಿಲ್ಲ. ಓದುತ್ತ ಓದುತ್ತ ನನ್ನ ಹೆಮ್ಮೆ ಕರಗಿತು. ಆ ಬಾಗಿಲಿನಿಂದ ಕುಣಿಯುತ್ತ ಬರುತ್ತಿದ್ದವಳಲ್ಲಿ ನನ್ನ ಮುಖವೇ ಕಾಣತೊಡಗಿತು. ಒಂದು ಸಂಜೆ ದೊಡ್ಡವ್ವ ನನ್ನನ್ನು ಕರೆದುಕೊಂಡು ಪಾಸ್ಟರ ಮನೆಗೆ ಹೋದಳು.

"ಅಯ್ಯಾರ, ಅದ ಬೈಬಲಿನ್ಯಾಗ ಒಬ್ಬ ಮುದಕ ಬಲಿ ಕೊಡಾಕ ಮಗನ ಮ್ಯಾಲೆ ಚೂರಿ ಎತ್ತಿದಾಗ ದೇವರ ಕೂಗಿ ಕೈ ಹಿಡಿಸಿದ. ಟಗರ ತಂದ ನಿಲ್ಲಿಸಿದ. ಗಂಡಹುಡುಗ ಇದ್ದಾಗ ಬಾಯಿ ಬಂತು. ಹೆಣ್ಣಹುಡುಗಿ ಇದ್ದಾಗ ಯಾಕ ಸುಮ್ಮ ಕುಂತ?"

ಪಾಸ್ಟರು ಈ ಸಲ ಮುಂದಿನ ಐತವಾರ ಎನ್ನಲಿಲ್ಲ. "ನಂಗ ಗೊತ್ತಿಲ್ರಿ ಅಕ್ಕಾರ" ಎಂದರು. "ಅದಕ್ಕ ಆ ಅಧ್ಯಾಯದ ಮ್ಯಾಲೆ ನಾ ಒಮ್ಮೆನೂ ಪ್ರಸಂಗ ಮಾಡಿಲ್ಲ. ಹೆದರಿಕಿ ಆಕೈತ್ರಿ."

"ದೇವರ ಆಕಿನ್ನ ಬೇಡಿದ್ದ ಎಲ್ಲೆರ ಐತೇನ್ರಿ?"

"ಇಲ್ರಿ. ಬೇಡಿಲ್ಲ."

"ಬ್ಯಾಡ ಅಂದಿದ್ದ?"

"ಅದೂ ಇಲ್ರಿ."

ಮರಳಿ ಬರುವಾಗ ಓಣಿಯ ಎರಡೂ ಬದಿಯಲ್ಲಿ ಮಗ್ಗಗಳು ಖಟ್ ಖಟ್ ಎನ್ನುತ್ತಿದ್ದವು. ಮನೆ ಹತ್ತಿರ ಬಂದಾಗ ದೊಡ್ಡವ್ವ ತನಗೆ ತಾನೇ ಅಂದಳು: "ಬೇಡಿಲ್ಲ ಅಂದ್ರ ನಂಗ ಧೈರ್ಯ. ಬ್ಯಾಡ ಅಂದಿಲ್ಲ ಅಂದ್ರ ಅಂಜಿಕಿ." ನನ್ನ ಕೈಯನ್ನು ಅವಳು ಅಷ್ಟು ಬಿಗಿಯಾಗಿ ಎಂದೂ ಹಿಡಿದಿರಲಿಲ್ಲ.

ಹತ್ತನೆಯ ಪರೀಕ್ಷೆ ಮುಗಿಯಿತು. ಜೀಪು ಬರುವ ದಿನ ಗೊತ್ತಾಯಿತು. ಅದಕ್ಕೆ ಎರಡು ದಿನ ಮೊದಲು ತಮ್ಮನಿಗೆ ಮತ್ತೆ ಜ್ವರ ಬಂತು. ಅವ್ವನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. "ನೋಡ, ತಡಾ ಮಾಡಿದೆವಂತ ತಿರುಗಿ ಕೇಳಾಕತ್ತಾನ" ಎಂದು ನನ್ನ ಬಟ್ಟೆಗಳನ್ನು ಮಡಚತೊಡಗಿದಳು, ಮಡಚುತ್ತ ಅಳುತ್ತಿದ್ದಳು. ಉಳಿದವನ್ನು ನಾನೇ ಟ್ರಂಕಿಗೆ ತುಂಬಿದೆ. ತಮ್ಮ ಸಾಯುವುದಕ್ಕಿಂತ ನಾನು ಹೋಗುವುದು ಮೇಲು ಎಂದು ನನಗೂ ಅನ್ನಿಸಿಬಿಟ್ಟಿತ್ತು. ದೊಡ್ಡವ್ವ ನಮ್ಮ ಕಡೆ ತಿರುಗದೆ ಕಂಡಿಕೆ ಸುತ್ತುತ್ತಿದ್ದಳು. ಅದನ್ನು ನೋಡಿ, ಇವಳೂ ಕೈಬಿಟ್ಟಳು ಎಂದುಕೊಂಡೆ.

ಅವತ್ತು ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ. ಮಗ್ಗಗಳು ನಿಂತರೆ ಬನಹಟ್ಟಿ ಸತ್ತ ಊರಿನ ಹಾಗೆ. ಆ ನಿಶ್ಶಬ್ದದಲ್ಲಿ ಜೀಪಿನ ಸದ್ದು ಓಣಿಯ ತುದಿಯಿಂದಲೇ ಕೇಳಿಸಿತು. ಒಳಗೆ ತಮ್ಮ ಕನವರಿಸುತ್ತಿದ್ದ. ಪ್ರಸಂಗಿ ಇಳಿದು ಕಟ್ಟೆಯ ಕೆಳಗೆ ನಿಂತು, "ಮಗಳೇ, ಬಾ" ಎಂದು ಕರೆದರು. ನಾನು ಟ್ರಂಕು ಎತ್ತಿಕೊಂಡು ಹೊಸ್ತಿಲ ಮೇಲೆ ಕಾಲಿಡುವುದರಲ್ಲಿದ್ದೆ. ಹಿಂದಿನಿಂದ ಯಾರೋ ಜಡೆ ಹಿಡಿದು ಜಗ್ಗಿದರು. ನಾನು ಒಳಗೆ ಬಿದ್ದೆ, ಟ್ರಂಕು ಕಾಲ ಮೇಲೆ ಬಿತ್ತು. ನನ್ನನ್ನು ದಾಟಿಕೊಂಡು ದೊಡ್ಡವ್ವ ಹೊರಗೆ ಹೋದಳು.

ಕಟ್ಟೆಯ ಮೇಲೆ ನಿಂತು ಸೆರಗು ತೆಗೆದಳು. ಓಣಿಯ ಬಾಗಿಲು ಬಾಗಿಲಲ್ಲಿ ನಿಂತಿದ್ದ ಜನ ಆ ಬೋಳು ಜಾಗವನ್ನು ಮೊದಲ ಸಲ ನೋಡಿದರು.

"ಸಾಹೇಬರ, ನೀವ ಹೇಳಿದ ಕತಿಯೊಳಗ ಬಾಗಲದಿಂದ ಮೊದಲ ಬಂದಾಕಿನ್ನ ಕೊಟ್ರು, ಹೌದಲ್ರಿ? ಈ ಮನಿಯಿಂದ ಮೊದಲ ಬಂದಾಕಿ ನಾನು. ನನ್ನ ಕರಕೊಂಡ ಹೋಗ್ರಿ."

"ತಾಯೀ, ದೇವರ ಜೊತೆ ಆಟವಾಡಬೇಡಿ."

"ಆಟ ಅಲ್ರೀ. ಒಮ್ಮೆ ಈ ಮನಿಯಿಂದ ಒಂದ ಹೆಣ್ಣ ಹೋಗೇತಿ. ಇನ್ನೊಂದ ಹೋಗೂದಿಲ್ಲ." ಆಮೇಲೆ ಅವಳು ಮುಖ ಮೇಲೆತ್ತಿದಳು. ರಾಟೆಯ ಮುಂದೆ ಕೂತು ಜಗಳವಾಡುವಾಗಿನ ಧ್ವನಿ ಅದಾಗಿರಲಿಲ್ಲ, ಬೇಡಿಕೊಳ್ಳುವ ಧ್ವನಿ. "ಯಪ್ಪಾ, ನೀ ಬೇಡಿಲ್ಲ ಅಂತ ನಾ ನಂಬೇನಿ. ನಂದ ತಪ್ಪಿದ್ರ, ನಿನಗ ಬೇಕ ಆಗಿದ್ರ, ನನ್ನ ತಗೋ. ಆ ಹುಡುಗನ್ನ ಮುಟ್ಟಬ್ಯಾಡ, ಈ ಹುಡುಗಿನ್ನ ಮುಟ್ಟಬ್ಯಾಡ. ಹರಕಿ ನನ್ನ ಮ್ಯಾಲಿರಲಿ."

ಅವ್ವ ಒಳಗಿನಿಂದ "ಅಕ್ಕಾ, ಬ್ಯಾಡ!" ಎಂದು ಚೀರಿದಳು. ಆಡಿದ ಮಾತು ಆಡಿಯಾಗಿತ್ತು. ಪ್ರಸಂಗಿ ಬರಿಗೈಯಲ್ಲಿ ಜೀಪು ಹತ್ತುವ ಮೊದಲು ತಿರುಗಿ, "ಇದರ ಫಲವನ್ನು ನೀವು ಕಾಣುತ್ತೀರಿ" ಎಂದರು, ಸಿಟ್ಟಿಲ್ಲದೆ. ಸಿಟ್ಟಿನಿಂದ ಅಂದಿದ್ದರೆ ನಮಗೆ ಅಷ್ಟು ಭಯವಾಗುತ್ತಿರಲಿಲ್ಲ.

ತಮ್ಮನದು ಟೈಫಾಯಿಡ್ ಎಂದು ಗೊತ್ತಾಗಿ, ಗುಳಿಗೆಗೆ ಇಳಿಯಿತು. ನಾನು ಕಾಲೇಜಿಗೆ ಹೋದೆ, ಮುಧೋಳದ ಸಾಲೆಯೊಂದರಲ್ಲಿ ಮಾಸ್ತರಿಕೆ ಸಿಕ್ಕಿತು, ಮದುವೆಯಾಯಿತು. ಎಲ್ಲ ಚೆನ್ನಾಗಿಯೇ ನಡೆಯಿತು. ದೊಡ್ಡವ್ವ ಮಾತ್ರ ಕಾಯುತ್ತಿದ್ದಳು. ತಮ್ಮ ಗಾಡಿ ತೆಗೆದುಕೊಂಡು ಬೀಳಗಿಯ ಕಡೆ ನೂಲಿನ ವ್ಯಾಪಾರಕ್ಕೆ ಹೋದರೆ, ಅವನು ಬರುವವರೆಗೆ ಹೊಸ್ತಿಲು ಬಿಟ್ಟು ಏಳುತ್ತಿರಲಿಲ್ಲ. ನಾನು ಬಸುರಿಯಾದಾಗ ನನಗಿಂತ ಅವಳೇ ಸೊರಗಿದಳು. ಮನೆಗೆ ಯಾವ ಸಣ್ಣ ಕೇಡು ಬಂದರೂ ಮೊದಲು ತನ್ನ ಮೈ ಮುಟ್ಟಿ ನೋಡಿಕೊಳ್ಳುತ್ತಿದ್ದಳು, ತನಗೆ ಬರಬೇಕಾದದ್ದು ದಾರಿ ತಪ್ಪಿತೇನೋ ಎಂಬಂತೆ.

ಕೊನೆಗೆ ಬಂದದ್ದು ಗಂಟಲಿಗೆ. ಹಿಂದೆ ಮುತ್ತು ಕಟ್ಟಿದ್ದ ಜಾಗದಲ್ಲೇ ಗಡ್ಡೆ. ಬೆಳಗಾವಿಯ ಡಾಕ್ಟರು ತಡವಾಗಿದೆ ಎಂದರು. ಅವ್ವ ಅವಳ ಕಾಲು ಹಿಡಿದು, "ಅವತ್ತ ಅಂದಿದ್ದ ಬಂತಲ್ಲ ಅಕ್ಕಾ, ಎರಡ ಸಲ ನನ್ನ ಸಲುವಾಗಿ ಹೋದಿ" ಎಂದು ಅತ್ತಳು.

"ಬಂದ್ರ ಬರಲಿ. ಹುಡುಗೂರ್ನ ಬಿಟ್ಟ ಬಂದೈತಿ. ಅಷ್ಟ ಸಾಕು."

ಅವ್ವ ಹೊರಗೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದಳು. "ನೀ ಅದನ್ನ ನಂಬಬ್ಯಾಡ. ವಯಸ್ಸಾದ ಮೈಗೆ ಬ್ಯಾನಿ ಬರತಾವ. ದೇವರ ಹತ್ರ ಬೇಡೂದಿದ್ರ ಬೇಡು. ಬದಲಿ ಕೊಡ್ತೇನಿ ಅನಬ್ಯಾಡ, ಯಾರನ್ನೂ."

"ನೀ ನಂಬತೀ ಏನ ದೊಡ್ಡವ್ವಾ?"

ಅವಳ ಎರಡು ಬೆರಳು ಮೆಲ್ಲಗೆ ಬೋಳು ಜಾಗಕ್ಕೆ ಹೋದವು. ಆ ಅಧ್ಯಾಯ ಓದು ಎಂದು ಸನ್ನೆ ಮಾಡಿದಳು. ಓದುತ್ತ, ಮಗಳ ಹೆಸರಿಲ್ಲದ ಕಡೆ ನಾನು ದೊಡ್ಡವ್ವನ ಹೆಸರು ಸೇರಿಸಿದೆ. ಅವಳು ಕೈಯಾಡಿಸಿ ತಡೆದಳು. "ಬ್ಯಾಡವಾ. ಆಕಿ ಜಾಗಾ ಆಕಿಗಿರಲಿ." ಅದೇ ವಾರ ಹೋದಳು. ಮಣ್ಣು ಮಾಡುವಾಗ ಪಾಸ್ಟರು ಪ್ರಸಂಗ ಮಾಡಲಿಲ್ಲ, ಅತ್ತುಬಿಟ್ಟರು.

ಕಳೆದ ಬೇಸಿಗೆಯಲ್ಲಿ ನನ್ನ ಮಗಳಿಗೆ ಫಿಟ್ಸ್ ಬಂದು ಆಸ್ಪತ್ರೆಗೆ ಹಾಕಿದ್ದೆವು. ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾಗ, ದೇವರಾಣೆ, ಅದು ನನ್ನ ಬಾಯಿಗೆ ಬಂತು. ಇವಳನ್ನು ಉಳಿಸು, ನಾನು... ಮುಂದಿನ ಮಾತು ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಉಳಿಸು ಎಂದೆ, ಉಳಿಸು ಎಂದೆ, ಅದಕ್ಕಿಂತ ಒಂದು ಶಬ್ದ ಹೆಚ್ಚು ಆಡಲಿಲ್ಲ. ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ನನಗೆ ಬಂದದ್ದನ್ನು ಅವತ್ತು ದೊಡ್ಡವ್ವನ ಮಾತು ತಡೆದು ಹಿಡಿಯಿತು. ಮಗಳು ಗುಣವಾಗಿ ಮನೆಗೆ ಬಂದಳು.

ದೇವರು ಆ ಹುಡುಗಿಯ ವಿಷಯದಲ್ಲಿ ಯಾಕೆ ಸುಮ್ಮನಿದ್ದ ಎಂಬುದು ನನಗೆ ಇನ್ನೂ ತಿಳಿದಿಲ್ಲ. ಚರ್ಚಿಗೆ ಹೋಗುತ್ತೇನೆ, ಬಾಗಿಲ ಪಕ್ಕ ಕೂರುತ್ತೇನೆ. ನಾನು ಹರಕೆ ನಂಬುವುದಿಲ್ಲ, ನಂಬಬೇಡ ಎಂದು ದೊಡ್ಡವ್ವ ಹೇಳಿ ಹೋಗಿದ್ದಾಳೆ. ಆದರೆ ಬೆಳಿಗ್ಗೆ ಸಾಲೆಗೆ ಹೊರಡುವಾಗ ಮಗಳು ಚೀಲ ಬೆನ್ನಿಗೇರಿಸಿ ಕುಣಿಯುತ್ತ ಬಾಗಿಲಿಗೆ ಓಡುತ್ತಾಳೆ. ನಾನು ಅವಳ ಜಡೆ ಹಿಡಿದು ನಿಲ್ಲಿಸುತ್ತೇನೆ.

"ಯಾಕ ಬೇ ಅವ್ವಾ, ದಿನಾ?" ಎಂದು ಸಿಡುಕುತ್ತಾಳೆ.

"ತಡಿ" ಎಂದು, ಮೊದಲು ನಾನು ಹೊರಗೆ ಬರುತ್ತೇನೆ.