ಫೋನಿನ ಕುರಿಗೆ ಪಾಲಿಲ್ಲ

ಮೊಮ್ಮಗಳು ಹುಟ್ಟಿದ ದಿನ ಹಿಗ್ಗು ತಡೆಯಲಾರದೆ ಒಂದು ಹೆಣ್ಣುಮರಿಯ ಕಿವಿಗೆ ಗುರುತು ಹಾಕಿ ಅವಳ ಹೆಸರಿಗೆ ಬಿಟ್ಟವಳು ನಾನೇ. ನಮ್ಮ ಕುರಿಗಾರ ಮಂದಿಯಲ್ಲಿ ಹಾಗೆ ಬಿಟ್ಟ ಕುರಿ, ಅದರ ಮರಿ, ಮರಿಯ ಮರಿ ಎಲ್ಲವೂ ಆ ಕೂಸಿನವು. ಹಿರಿಯರು ಮಾರುವಂತಿಲ್ಲ, ಅವಳು ಮಾರುತ್ತೇನೆಂದರೆ ತಡೆಯುವಂತೆಯೂ ಇಲ್ಲ.

ಅವಳು ಬೀಳಗಿಯ ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಆ ಸಂತತಿಯಲ್ಲಿ ಉಳಿದದ್ದು ಒಂದೇ ಕುರಿ. ಅಷ್ಟರಲ್ಲಿ ಅವಳಪ್ಪನ ಫೋನಿನಲ್ಲಿ ಒಂದು ಆಟ ಬಂತು. ಅದರೊಳಗೂ ಕುರಿ! ಹಟ್ಟಿಯಲ್ಲಿ ಜೀವಂತ ಕುರಿ ಅರಚುತ್ತಿದ್ದರೆ, ಈ ಹುಡುಗಿ ಗಾಜಿನೊಳಗಿನ ಕುರಿಗೆ ಬೆರಳಿನಿಂದ ಮೇವು ಹಾಕುತ್ತ ಕೂರುತ್ತಿದ್ದಳು. ಉಣ್ಣೆ ಕತ್ತರಿಸು, ಕಾಯಿ, ಮತ್ತೆ ಕತ್ತರಿಸು. ಎರಡು ವರ್ಷ ಅದೇ ಚಾಕರಿ. ಒಂದು ದಿನ ಬಂದು, ತನ್ನ ಕುರಿ ಮಾರಬೇಕು ಎಂದಳು. ರೊಕ್ಕ ಕಟ್ಟಿದರೆ ಫೋನಿನ ಕುರಿಗೆ ಉಣ್ಣೆ ಬೇಗ ಬೆಳೆಯುತ್ತದಂತೆ.

ನನಗೆ ಮೈಯೆಲ್ಲ ಉರಿಯಿತು. "ಆಟಾ ಆಡಾಕ ರೊಕ್ಕ ಯಾಕ ಬೇ?"

"ಆಡೋದು ಪುಕ್ಕಟ, ಆಯಿ. ಬ್ಯಾಸರ ಆಗಬಾರದಂದ್ರ ರೊಕ್ಕ. ಸಿನಿಮಾಕ್ಕೂ ಕೊಡತೀವಲಾ? ಅದು ಮೂರು ತಾಸಿಗೆ ಮುಗೀತದ. ಇದು ವರ್ಷಗಟ್ಟಲೆ ಬರತದ. ಇದ ಸೋವಿ."

"ಸಿನಿಮಾದಾವ್ರು ನಿನ್ನ ಕಡಿಂದ ಕಸಾ ಹೊಡಸಿ, ಸಾಕಾತು ಅಂದ್ರ ಅದನ್ನ ಬಿಡಸಾಕೂ ರೊಕ್ಕ ಕೇಳತಾರೇನು?"

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಮದುವೆಯಾದ ಹೊಸದರಲ್ಲಿ ನಾನೂ ನನ್ನ ಗಂಡನೂ ಇನ್ನೊಬ್ಬರ ಕುರಿಗಳನ್ನು ಪಾಲಿಗೆ ಕಾಯ್ದವರು. ಬಾಡಗಂಡಿಯ ಕಬ್ಬು ಕಡಿದ ಹೊಲಗಳಲ್ಲಿ ಬಿಸಿಲುಂಡವರು. ಆ ಧಣಿ ಜಿಪುಣ, ಬಾಯಿಯೂ ಕೆಟ್ಟದ್ದು. ಆದರೂ ಹುಟ್ಟಿದ ಮರಿಗಳಲ್ಲಿ ಅರ್ಧ ನಮಗೆ ಬಿಟ್ಟ. ನಮ್ಮ ಹಟ್ಟಿ ಬೆಳೆದದ್ದು ಅದರಿಂದಲೇ.

"ನಿನ್ನ ಫೋನಿನ ಧಣಿ ಏನು ಪಾಲು ಕೊಡತಾನ?"

"ಏನಿಲ್ಲ. ಆಟಾ ಬಂದ್ ಮಾಡಿದ್ರ ಎಲ್ಲಾ ಹೋಗತಾವು."

"ಮರಿ?"

"ಅವೂ ಅವರವ."

ಥೂ ಅವರ! ದುಡಿಯುವವಳೂ ಇವಳೇ, ರೊಕ್ಕ ಕೊಡುವವಳೂ ಇವಳೇ. ಇಂಥ ಧಣಿಯನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ. ಆದರೆ ಕುರಿ ಅವಳದು. ಲೋಕಾಪುರದ ಕಡೆಯ ವ್ಯಾಪಾರಿ ಬಂದೇಬಿಟ್ಟ. ನಾನು ಒಲೆಯ ಮುಂದೆ ಕುಳಿತು ಸಿಟ್ಟನ್ನೆಲ್ಲ ರೊಟ್ಟಿಯ ಮೇಲೆ ಬಡಿದೆ. ಅಂಗಳದ ಮಾತು ಕೇಳಿಸುತ್ತಿತ್ತು.

"ಗಬ್ಬ ಐತಿ. ಛಲೋ ಆತು," ಎಂದ ವ್ಯಾಪಾರಿ.

"ಹೊಟ್ಟ್ಯಾಗಿನ ಮರಿ ಯಾರದ್ರಿ?" ಮೊಮ್ಮಗಳ ದನಿ.

"ಕುರಿ ಕೊಂಡಾವ್ರದು, ತಂಗಿ. ಮತ್ತ್ಯಾರದು?"

ಅವಳು ಕುರಿಯನ್ನು ತನ್ನ ಕಡೆ ಎಳೆದುಕೊಂಡ ಸದ್ದು. ಆಮೇಲೆ, "ಕೊಡಂಗಿಲ್ರಿ."

"ಏ, ಮಾತಾಗೇತಿ!"

"ಆಯಿ, ಇವರಿಗೆ ಚಾ ಮಾಡು. ಕುಡದು ಹೋಗಲಿ."

ಹಂಚಿನ ಮೇಲೆ ರೊಟ್ಟಿ ಹೊತ್ತಿತು. ಹೊತ್ತಲಿ ಬಿಡು ಎಂದು ಓಡಿಹೋಗಿ, ಹಿಟ್ಟಿನ ಕೈಯಿಂದಲೇ ಅವಳಿಗೆ ದೃಷ್ಟಿ ತೆಗೆದು ಲಟಿಕೆ ಮುರಿದೆ.

ಮಳೆ ಶುರುವಾಗುವ ಹೊತ್ತಿಗೆ ಕರಿಮರಿ ಹುಟ್ಟಿತು. ಅವಳೇ ಅದರ ಕಿವಿಗೆ ಗುರುತು ಹಾಕಿದಳು. ಫೋನಿನ ಆಟ ಪೂರ್ತಿ ಬಿಡಲಿಲ್ಲ, ರೊಕ್ಕ ಮಾತ್ರ ಕಟ್ಟಲಿಲ್ಲ.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಎರಡು ವರ್ಷ ನನ್ನ ಮೊಮ್ಮಗಳು ಅವರ ಕುರಿ ಕಾಯ್ದಿದ್ದಾಳೆ. ಹುಟ್ಟಿದ ಮರಿಗಳಲ್ಲಿ ಅರ್ಧ ಅವಳಿಗೆ ಬರಬೇಕು. ಆ ಧಣಿಯ ಮನೆ ಎಲ್ಲಿದೆಯೆಂದು ಯಾರಾದರೂ ತೋರಿಸಿದರೆ, ಹಗ್ಗ ಹಿಡಿದುಕೊಂಡು ನಾನೇ ಹೋಗುತ್ತೇನೆ.